ತಗೊಳ್ಳಲಾ, ಬೇಡ್ವಾ? ಅನಿಮೆ ಆ್ಯಕ್ಷನ್ ಫಿಗರ್ ವಿಮರ್ಶೆ ಬರೆಯುವವರಿಗೊಂದು ಮಾರ್ಗದರ್ಶಿ

ಮೊದಲ ಸಲ ಒಂದು ಅನಿಮೆ (ಅಂದರೆ ಜಪಾನಿ ಕಾರ್ಟೂನ್) ಗೊಂಬೆಯ ವಿಮರ್ಶೆ ಬರೆದಾಗ ಎರಡು ಸಾವಿರ ಪದ ಸುರಿದಿದ್ದೆ. ಡಬ್ಬಿಯ ಬಣ್ಣ, ಕೂದಲಿನ ಹೊಳಪು, ಸ್ಕೂಲಿಂದ ಓಡಿ ಬಂದು ಟಿವಿ ಮುಂದೆ ಕೂರುತ್ತಿದ್ದ ನೆನಪು, ಎಲ್ಲಾ ಇತ್ತು. ಓದಿ ಮುಗಿಸಿದ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಎಲ್ಲಾ ಸರಿ ಅಣ್ಣ, ತಗೊಳ್ಳಲಾ ಬೇಡ್ವಾ?"

ಅಷ್ಟು ಬರೆದರೂ ಅದಕ್ಕೆ ಉತ್ತರ ಎಲ್ಲೂ ಇರಲಿಲ್ಲ.

ಸೀರೆ ಅಂಗಡಿಯಲ್ಲಾದರೆ ಸೆರಗು ಹಿಡಿದು ನೋಡಬಹುದು. ಮಾವಿನ ಹಣ್ಣನ್ನು ಮೂಸಿ ನೋಡಬಹುದು. ಈ ಗೊಂಬೆಗಳು ಹಾಗಲ್ಲ. ಎಲ್ಲೋ ತಯಾರಾಗಿ, ಸೀಲ್ ಆಗಿ ಬರುತ್ತವೆ. ಎಷ್ಟೋ ಸಲ ಮಾರುಕಟ್ಟೆಗೆ ಬರುವ ತಿಂಗಳುಗಟ್ಟಲೆ ಮೊದಲೇ ದುಡ್ಡು ಕಟ್ಟಿ ಕಾದಿರಿಸಬೇಕು. ಕೊಳ್ಳುವವರು ಮುಟ್ಟಿ ನೋಡುವಂತಿಲ್ಲ. ಹಾಗಾಗಿ ವಿಮರ್ಶೆ ಬರೆಯುವವರು ತಮ್ಮ ಕೈಯನ್ನು ಓದುವವರಿಗೆ ಕಡ ಕೊಟ್ಟಂತೆ. ನಿಮ್ಮ ಬೆರಳಿಗೆ ಏನು ಗೊತ್ತಾಯಿತೋ ಅದು ಅವರಿಗೂ ಗೊತ್ತಾಗಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಉದಾಹರಣೆಗೆ ಒಂದೇ ಗೊಂಬೆಯನ್ನು ಹಿಡಿದು ಹೋಗೋಣ. ಎಸ್.ಎಚ್.ಫಿಗ್ಯುವಾರ್ಟ್ಸ್ ಸರಣಿಯ ಸೋನ್ ಗೊಕು, ಡ್ರ್ಯಾಗನ್ ಬಾಲ್ ಕಥೆಯ ನಾಯಕ, 'ಭೂಮಿಯಲ್ಲಿ ಬೆಳೆದ ಸೈಯನ್' ಎಂಬ ಅಡಿಹೆಸರಿನದು. (ಸೈಯನ್ ಅಂದರೆ ಆ ಕಥೆಯಲ್ಲಿ ಬೇರೆ ಗ್ರಹದ ಕಾದಾಟದ ಜನ.) ಜಪಾನಿನ ಬಂದಾಯ್ ಸಂಸ್ಥೆಯ ತಮಾಶಿ ನೇಷನ್ಸ್ ಎಂಬ ಬ್ರ್ಯಾಂಡಿನ ಗೊಂಬೆ. (ಈ ತಮಾಶಿ ನಮ್ಮ ತಮಾಷೆ ಅಲ್ಲ. ಜಪಾನಿಯಲ್ಲಿ ಅದರ ಅರ್ಥ ಆತ್ಮ.) ಈ ಸರಣಿ ಶುರುವಾದದ್ದು 2008ರಲ್ಲಿ. ಅದೇ ವರ್ಷ ಮ್ಯಾಕ್ಸ್ ಫ್ಯಾಕ್ಟರಿಯ ಫಿಗ್ಮಾ ಅನ್ನುವ ಇಂಥದ್ದೇ ಸರಣಿ ಕೂಡ ಬಂತು. ಅದಕ್ಕೂ ಎರಡು ವರ್ಷ ಮುಂಚೆ, 2006ರಲ್ಲಿ, ಕೈಯೋಡೊ ಕಂಪನಿ ತಿರುಗಿಸಿದರೆ ಕಟಕಟ ಅನ್ನುವ ಕೀಲಿನ ರಿವೋಲ್ಟೆಕ್ ತಂದಿತ್ತು. ಅಂಗೈಯಲ್ಲಿ ಹಿಡಿಯುವಷ್ಟೇ ಎತ್ತರ, ಮೈತುಂಬಾ ಕೀಲು, ಬದಲಾಯಿಸಲು ನಾಲ್ಕಾರು ಮುಖ ಮತ್ತು ಕೈ. ನಾನಿಲ್ಲಿ ಆ್ಯಕ್ಷನ್ ಫಿಗರ್ ಅನ್ನುತ್ತಿರುವುದು ಇಂಥವಕ್ಕೆ. ಒಂದೇ ಭಂಗಿಯಲ್ಲಿ ನಿಲ್ಲುವ ಪ್ರತಿಮೆಗಳ ವಿಮರ್ಶೆ ಬೇರೆಯೇ ಕೆಲಸ.

ಇನ್ನು ಮುಂದೆ ಗೊಂಬೆ ಅಂತಲೇ ಬರೆಯುತ್ತೇನೆ. "ಮನೆಯಲ್ಲಿ ಮೂವತ್ತು ಫಿಗರ್ ಇಟ್ಟಿದ್ದೀನಿ" ಅಂತ ಒಮ್ಮೆ ಆಫೀಸಿನಲ್ಲಿ ಹೇಳಿ ನಗೆಪಾಟಲಾಗಿದ್ದೇನೆ.

ಹಂತ 1: ಡಬ್ಬಿ ತೆರೆಯುವ ಮುಂಚೆ

ಕತ್ತರಿ ಎತ್ತುವ ಮೊದಲು ಒಂದು ಹಾಳೆ ತಗೊಂಡು ನಾಲ್ಕು ವಿಷಯ ಬರೆದಿಡಿ. ಗೊಂಬೆಯ ಪೂರ್ತಿ ಹೆಸರು, ಎಲ್ಲಿ ಕೊಂಡಿರಿ, ಯಾವ ತಿಂಗಳು, ಕೈಯಿಂದ ಒಟ್ಟು ಎಷ್ಟು ಹೋಯಿತು.

ಪೂರ್ತಿ ಹೆಸರು ಯಾಕೆ ಅಂದರೆ, ಇದೇ ಸರಣಿಯಲ್ಲಿ ಗೊಕು ಒಬ್ಬನೇ ಅಲ್ಲ. ಕಪ್ಪು ಕೂದಲಿನವನಿದ್ದಾನೆ, ಹೊಂಬಣ್ಣದ ಕೂದಲಿನವನಿದ್ದಾನೆ, ಹುಡುಗ ಗೊಕು ಇದ್ದಾನೆ. ಒಂದೇ ರೂಪಕ್ಕೆ ಹಳೆಯ ಅಚ್ಚು ಬೇರೆ, ಹೊಸ ಅಚ್ಚು ಬೇರೆ. ಬರೀ "ಗೊಕು ವಿಮರ್ಶೆ" ಅಂತ ಬರೆದರೆ ಓದುವವರು ಬೇರೆ ಯಾವುದೋ ಗೊಕು ತರಿಸಿಕೊಂಡು ಆಮೇಲೆ ನಿಮಗೆ ಶಾಪ ಹಾಕುತ್ತಾರೆ.

ಮುಂದಿನ ಪ್ರಶ್ನೆ, ಅಸಲಿಯೋ ನಕಲಿಯೋ? ಡ್ರ್ಯಾಗನ್ ಬಾಲ್ ಗೊಂಬೆಗಳಿಗೆ ನಕಲಿಗಳ ಕಾಟ ಬಹಳ. ಡಬ್ಬಿಯ ಅಚ್ಚು ಮಸುಕಾಗಿದೆಯಾ, ಚಿಕ್ಕ ಅಕ್ಷರಗಳು ಕಲಸಿಹೋಗಿವೆಯಾ ನೋಡಿ. ಜಪಾನಿನಲ್ಲಿ ಮಾರಾಟವಾದ ಡಬ್ಬಿಗಳಲ್ಲಿ ಬಹಳಷ್ಟಕ್ಕೆ ಡ್ರ್ಯಾಗನ್ ಬಾಲ್ ಅನಿಮೆ ತಯಾರಿಸಿದ ತೋಎ ಆನಿಮೇಷನ್‌ನ ಬೆಕ್ಕಿನ ಮುಖವಿರುವ, ಮಿರಮಿರ ಮಿನುಗುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಹಾಗಂತ ಸ್ಟಿಕ್ಕರ್ ಒಂದನ್ನೇ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ನಕಲಿಯ ಗುಟ್ಟು ರಟ್ಟಾಗುವುದು ಒಳಗಿನ ಗೊಂಬೆಯಲ್ಲಿ. ಮೈಬಣ್ಣ ಮೇಣದ ಹಾಗೆ ಹೊಳೆಯುತ್ತದೆ. ಮೂಗಿಗೆ ಘಾಟು ಬಡಿಯುತ್ತದೆ. ಮಣಿಕಟ್ಟಿನ ಗೂಟ ಕೈಯೊಳಗೆ ಹೋಗುವುದೇ ಇಲ್ಲ, ಇಲ್ಲವೇ ತಾನಾಗಿ ಉದುರುತ್ತದೆ.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಅರ್ಧ ಬೆಲೆಗೆ ಸಿಗುತ್ತಿದೆ ಅಂತ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ತರಿಸಿದೆ. ಬಂದವನ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ಫ್ಯಾನ್ ನೋಡುತ್ತಿತ್ತು. ನಕಲಿ ಅಂತ ತಿಳಿದ ಮೇಲೆ ಅದರ ಕೀಲು ಸಡಿಲ, ಬಣ್ಣ ಕೆಟ್ಟದು ಅಂತ ವಿಮರ್ಶೆ ಬರೆಯುವುದರಲ್ಲಿ ಅರ್ಥವಿಲ್ಲ. ಗುರುತಿಸುವುದು ಹೇಗೆ ಅಂತ ಬರೆಯಿರಿ, ಅದು ಉಪಯೋಗಕ್ಕೆ ಬರುತ್ತದೆ.

ಹಂತ 2: ಪಾತ್ರದ ಮೂರು ಭಂಗಿ ಆರಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಒಂದು ಗೊಂಬೆ ಚೆನ್ನಾಗಿದೆ ಅಂದರೆ ಏನರ್ಥ? ಕೀಲು ಎಷ್ಟಿವೆ ಅನ್ನುವುದಲ್ಲ. ಆ ಪಾತ್ರ ಏನು ಮಾಡುತ್ತದೋ ಅದನ್ನು ಈ ಗೊಂಬೆ ಮಾಡುತ್ತದಾ ಅನ್ನುವುದು. ಡಬ್ಬಿ ತೆರೆಯುವ ಮೊದಲೇ ಆ ಪಾತ್ರಕ್ಕೆ ಬೇಕೇಬೇಕಾದ ಮೂರು ಭಂಗಿ ಆರಿಸಿ, ಹಾಳೆಯಲ್ಲಿ ಬರೆದಿಡಿ. ಮೊದಲೇ ಬರೆಯಬೇಕು. ಗೊಂಬೆ ಕೈಗೆ ಬಂದ ಮೇಲೆ ಆರಿಸಿದರೆ, ಅದಕ್ಕೆ ಬರುವ ಭಂಗಿಗಳನ್ನೇ ಆರಿಸಿ ಬೆನ್ನು ತಟ್ಟಿಬಿಡುತ್ತೇವೆ.

ಗೊಕುವಿಗೆ ನನ್ನ ಮೂರು ಇವು.

ಕಾಮೆಹಾಮೆಹಾ. ಅಂಗೈಯಿಂದ ಬೆಳಕಿನ ಕಿರಣ ಬಿಡುವ, ಹವಾಯಿಯ ರಾಜನೊಬ್ಬನ ಹೆಸರು ಹೊತ್ತ ಈ ಪಟ್ಟು ಇಲ್ಲದೆ ಗೊಕು ಇಲ್ಲ. ಎರಡೂ ಅಂಗೈ ಬೊಗಸೆಯಂತೆ ಕೂಡಿ ಬಲ ಸೊಂಟದ ಪಕ್ಕಕ್ಕೆ ಹೋಗಬೇಕು. ಅಂದರೆ ಎಡಗೈ ಎದೆಯನ್ನು ಪೂರ್ತಿ ದಾಟಬೇಕು. ಭುಜ ಮುಂದಕ್ಕೆ ಬಾಗದಿದ್ದರೆ ಇದು ಆಗುವುದಿಲ್ಲ.

ಹಣೆಗೆ ಎರಡು ಬೆರಳು. ಕಣ್ಮುಚ್ಚಿ ಬಿಡುವುದರೊಳಗೆ ಇನ್ನೊಂದು ಕಡೆ ಹೋಗುವಾಗಿನ ಭಂಗಿ. ಇಲ್ಲಿ ಪರೀಕ್ಷೆ ಮೊಣಕೈಯದ್ದು. ಒಂದೇ ಕೀಲಿನ ಮೊಣಕೈ ಲಂಬಕೋನಕ್ಕೇ ನಿಂತುಬಿಡುತ್ತದೆ. ಎರಡು ಕೀಲಿದ್ದರೆ ಮುಂಗೈ ಬಂದು ತೋಳಿಗೆ ತಾಗುವಷ್ಟು ಮಡಚುತ್ತದೆ. ಬೆರಳು ಹಣೆಗೆ ಮುಟ್ಟಿತಾ, ಕೆನ್ನೆ ಹತ್ತಿರವೇ ನಿಂತಿತಾ, ಅಷ್ಟು ನೋಡಿದರೆ ಸಾಕು.

ಹಾರಾಟ. ಮೈ ಅಡ್ಡ ಮಲಗಿದ್ದು ತಲೆ ಮಾತ್ರ ಮುಂದೆ ನೋಡುತ್ತಿರಬೇಕು. ಗೊಕುವಿನ ಮುಳ್ಳುಮುಳ್ಳಾದ ಕೂದಲು ಹಿಂದೆ ಬೆನ್ನಿಗೆ ತಾಗಿ ಕತ್ತನ್ನು ತಡೆಯುತ್ತದಾ? ಡ್ರ್ಯಾಗನ್ ಬಾಲ್ ಗೊಂಬೆಗಳಲ್ಲಿ ಕತ್ತಿಗಿಂತ ಕೂದಲೇ ದೊಡ್ಡ ಸಮಸ್ಯೆ.

ಇದರ ಜೊತೆಗೆ, ಗೊಂಬೆ ಮೂಲದ ಯಾವ ಕಾಲದ್ದು ಅಂತಲೂ ನೋಡಿಕೊಳ್ಳಿ. ಅಕಿರಾ ತೊರಿಯಾಮಾ ಅವರ ಮೂಲ ಮಾಂಗಾ (ಜಪಾನಿ ಚಿತ್ರಕಥೆ) 1984ರಿಂದ 1995ರವರೆಗೆ ವಾರವಾರ ಬಂದು 42 ಸಂಪುಟ ಆಯಿತು. ಅಷ್ಟರಲ್ಲಿ ಅವರ ಗೆರೆಯೇ ಬದಲಾಯಿತು. ಮೊದಲಿನ ಗೊಕು ದುಂಡು ದುಂಡು. ಕೊನೆಯವನು ಕೋನ ಕೋನ, ಗಲ್ಲ ಚೂಪು. 1989ರಲ್ಲಿ ಶುರುವಾದ ಡ್ರ್ಯಾಗನ್ ಬಾಲ್ ಜ಼ಡ್ ಅನಿಮೆಯಲ್ಲೂ ಪಾತ್ರಗಳ ರೇಖೆ ಮೊದಲು ಮಿನೋರು ಮಾಯೆದಾ ಅವರದ್ದು, ಆಮೇಲೆ ಕತ್ಸುಯೋಶಿ ನಕತ್ಸುರು ಅವರದ್ದು. ನಮ್ಮಲ್ಲಿ ಬಹಳಷ್ಟು ಜನ ಇದನ್ನು ನೋಡಿದ್ದು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ, ಅದೂ ತುಂಡು ತುಂಡಾಗಿ. ನಮ್ಮ ನೆನಪಿನ ಗೊಕು ಇವರೆಲ್ಲರ ಕಲಸುಮೇಲೋಗರ. "ಮುಖ ಸರಿಯಿಲ್ಲ" ಅಂತ ಬರೆಯುವ ಮೊದಲು ಆ ಕಾಲದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಬಟ್ಟೆಯ ಮೇಲಿನ ಅಕ್ಷರವೂ ಸುಳಿವು ಕೊಡುತ್ತದೆ. ಮೊದಮೊದಲು ಆಮೆ ಗುರುವಿನ ಶಿಷ್ಯ ಅನ್ನುವುದಕ್ಕೆ ಆಮೆಯ ಅಕ್ಷರ ಇತ್ತು. ಮುಂದೆ ಅವನ ಹೆಸರಿನ 'ಗೊ' ಬಂತು.

ಹಂತ 3: ತೆರೆದು ಎಣಿಸಿ

ಊಟದ ತಟ್ಟೆಯೊಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ತಮಾಷೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಬದಲಿ ಕೈಗಳು ಹುರಿಗಡಲೆಯಷ್ಟೇ ಇರುತ್ತವೆ. ಮೊಸಾಯಿಕ್ ನೆಲಕ್ಕೆ ಬಿದ್ದರೆ ಸಿಕ್ಕಹಾಗೆಯೇ.

ಡಬ್ಬಿಯ ಬೆನ್ನಿನ ಚಿತ್ರ ಇಟ್ಟುಕೊಂಡು ಎಲ್ಲಾ ಬಿಡಿಭಾಗ ಎಣಿಸಿ. ಕಮ್ಮಿ ಇದ್ದರೆ ತಟ್ಟೆಯನ್ನು ಅಲ್ಲಿಗೇ ಬಿಟ್ಟು ಫೋಟೊ ತೆಗೆಯಿರಿ, ಆಮೇಲೆ ಮಾರಿದವರಿಗೆ ಬರೆಯಲು ಬೇಕು. ಡಬ್ಬಿಯೊಳಗಿನ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯ ಮುಚ್ಚಳ ತೆಗೆಯುವಾಗ ಕೆಲವು ಕೈಗಳು ಮುಚ್ಚಳಕ್ಕೇ ಅಂಟಿಕೊಂಡು ಮೇಲೆ ಬರುತ್ತವೆ. "ಒಂದು ಕೈ ಇಲ್ಲ" ಅಂತ ಕೂಗಾಡುವ ಮುಂಚೆ ಅಲ್ಲೂ ನೋಡಿ.

ಈ ಹಂತಕ್ಕೆ ವಿಮರ್ಶೆಯಲ್ಲಿ ಎರಡು ಸಾಲು ಸಾಕು. ಡಬ್ಬಿ ಬಿಚ್ಚುವುದನ್ನೇ ಹತ್ತು ನಿಮಿಷ ತೋರಿಸುವ ವಿಡಿಯೊಗಳನ್ನು ನಾನಂತೂ ಓಡಿಸಿಬಿಡುತ್ತೇನೆ.

ಹಂತ 4: ಅಲುಗಾಡಿಸದೆ ನೋಡುವುದು

ಮೂರು ದೂರದಿಂದ ನೋಡಬೇಕು. ಕೈ ಚಾಚಿದಷ್ಟು ದೂರ, ಒಂದು ಗೇಣು, ಕೊನೆಗೆ ಭೂತಗನ್ನಡಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಭೂತಗನ್ನಡಿ ಹಿಡಿದರೆ ಎಂಥಾ ಗೊಂಬೆಯಲ್ಲೂ ಹುಳುಕು ಸಿಗುತ್ತದೆ, ಆಮೇಲೆ ಅದು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಕಪಾಟಿನಲ್ಲಿಟ್ಟ ಗೊಂಬೆಯನ್ನು ಮನೆಯವರು ನೋಡುವುದು ಮಾರು ದೂರದಿಂದ.

ಮುಖದಿಂದ ಶುರು ಮಾಡಿ. ಈ ಪುಟ್ಟ ಕಣ್ಣುಗಳನ್ನು ಕುಂಚದಿಂದ ಬರೆಯುವುದಿಲ್ಲ. ಕೊರೆದ ಫಲಕದ ಮೇಲಿನ ಶಾಯಿಯನ್ನು ಮೆತ್ತನೆಯ ಸಿಲಿಕೋನ್ ಉಂಡೆಯಿಂದ ಎತ್ತಿ, ಮುಖದ ಮೇಲೆ ಒತ್ತುತ್ತಾರೆ. ಟ್ಯಾಂಪೊ ಅಚ್ಚು ಅಂತ ಅದರ ಹೆಸರು. ಕಪ್ಪು ಗೆರೆಗೆ ಒಂದು ಸಲ, ಬಿಳುಪಿಗೆ ಒಂದು ಸಲ, ಹೀಗೆ ಬಣ್ಣಕ್ಕೊಂದು ಒತ್ತು. ಒಂದೇ ಒಂದು ಒತ್ತು ಕೂದಲೆಳೆಯಷ್ಟು ಜರುಗಿದರೂ ನೋಟ ಬದಲಾಗುತ್ತದೆ. ಗೊಂಬೆಯನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆಯಾ ಪರೀಕ್ಷಿಸಿ. ಪ್ರತಿ ಮುಖಕ್ಕೂ ಹೀಗೆ ಮಾಡಿ. ನಗುವ ಮುಖ ಸರಿಯಾಗಿದ್ದು ಕಿರುಚುವ ಮುಖ ಜರುಗಿರುವುದುಂಟು.

ಆಮೇಲೆ ಬಣ್ಣ. ಎರಡು ಬಣ್ಣ ಸೇರುವ ಗಡಿಗಳಲ್ಲಿ ತಪ್ಪು ಬೇಗ ಕಾಣುತ್ತದೆ. ಗೊಕುವಿನಲ್ಲಾದರೆ ಕಿತ್ತಳೆ ಅಂಗಿಯೂ ಒಳಗಿನ ನೀಲಿಯೂ ಕೂಡುವ ಕತ್ತಿನ ಸುತ್ತ, ನೀಲಿ ಸೊಂಟಪಟ್ಟಿಯ ಅಂಚು, ಬೂಟಿನ ಮೇಲಿನ ಗೆರೆ. ಕಿತ್ತಳೆಯಲ್ಲಿ ಇನ್ನೊಂದು ವಿಷಯ ನೋಡಿ. ಅಂಗಿಯ ಎದೆಭಾಗ ಮೆತ್ತನೆಯ ಪಿವಿಸಿಯಾಗಿದ್ದು ತೊಡೆ ಬೇರೆ ಪ್ಲಾಸ್ಟಿಕ್ ಆಗಿದ್ದರೆ, ಒಂದೇ ಬಣ್ಣವಾದರೂ ಬಿಸಿಲಲ್ಲಿ ಎರಡು ಛಾಯೆ ಕಾಣಬಹುದು. ಟ್ಯೂಬ್‌ಲೈಟಿನಲ್ಲಿ ಇದು ಗೊತ್ತಾಗುವುದಿಲ್ಲ. ಕಿಟಕಿಯ ಹತ್ತಿರ ಹೋಗಿ.

ಅಚ್ಚಿನ ಎರಡು ಭಾಗ ಕೂಡುವಲ್ಲಿ ಸಣ್ಣ ಗೆರೆ ಇರುತ್ತದೆ, ತೋಳಿನ ಪಕ್ಕ ಬೆರಳುಗುರಿನಿಂದ ಸವರಿದರೆ ಸಿಗುತ್ತದೆ. ಕಣ್ಣಿಗೆ ಕಾಣದೆ ಉಗುರಿಗೆ ಮಾತ್ರ ಸಿಕ್ಕರೆ ದೊಡ್ಡ ದೂರಲ್ಲ. ಒಂದು ಗೇಣಿನಿಂದಲೇ ಕಂಡರೆ ಬರೆಯಿರಿ.

ಕೊನೆಗೆ ಅಳತೆಪಟ್ಟಿ. ಈ ಗೊಕು ಸುಮಾರು 14 ಸೆಂ.ಮೀ. ಕಥೆಯಲ್ಲಿ ಗೊಕುವಿನ ಎತ್ತರ 175 ಸೆಂ.ಮೀ., ಅಂದರೆ ಹನ್ನೆರಡರಲ್ಲೊಂದು ಪಾಲಿನ ಆಸುಪಾಸು. ಅವನ ಎದುರಾಳಿ ವೆಜಿಟಾನ ಎತ್ತರ 164. ಕಥೆಯಲ್ಲಿ 11 ಸೆಂ.ಮೀ. ಅಂತರ ಇದ್ದರೆ ಗೊಂಬೆಗಳಲ್ಲಿ ಸುಮಾರು 9 ಮಿ.ಮೀ. ಇರಬೇಕು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆದು ಬರೆಯಿರಿ. ವೆಜಿಟಾ ಗೊಕುವಿಗಿಂತ ಎತ್ತರ ಕಂಡರೆ ಅಭಿಮಾನಿಗಳು ಸುಮ್ನಿರುತ್ತಾರಾ? ಅಳೆಯುವಾಗ ಕೂದಲು ಸೇರಿಸಿದ್ದೀರಾ ಬಿಟ್ಟಿದ್ದೀರಾ ಅಂತ ಹೇಳಲು ಮರೆಯಬೇಡಿ. ಈ ಇಬ್ಬರ ಕೂದಲೇ ಒಂದೊಂದು ಗೋಪುರ.

ಹಂತ 5: ಕೀಲುಗಳು

ಇಲ್ಲಿ ನಿಧಾನ ಬೇಕು. ನಾನು ಕನಿಷ್ಠ ಒಂದು ಗಂಟೆ ತೆಗೆದುಕೊಳ್ಳುತ್ತೇನೆ.

ತಲೆಯಿಂದ ಪಾದದವರೆಗೆ ಒಂದೊಂದೇ ಕೀಲು. ಪ್ರತಿ ಕೀಲಿಗೂ ಮೂರು ಪ್ರಶ್ನೆ: ಎಲ್ಲಿಯವರೆಗೆ ಹೋಗುತ್ತದೆ? ಹೋದ ಕಡೆ ನಿಲ್ಲುತ್ತದಾ? ತಡೆಯುವುದು ಏನು? ಮೂರನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ಆದರೆ ಓದುವವರಿಗೆ ಬೇಕಿರುವುದು ಅದೇ. "ತೊಡೆ ಮುಂದಕ್ಕೆ ಅರ್ಧ ಮಾತ್ರ ಏಳುತ್ತದೆ" ಅಂದರೆ ದೂರು. "ಸೊಂಟಪಟ್ಟಿಯ ಗಂಟು ತೊಡೆಗೆ ತಾಗುತ್ತದೆ, ಅದನ್ನು ಪಕ್ಕಕ್ಕೆ ಸರಿಸಿದರೆ ಪೂರ್ತಿ ಏಳುತ್ತದೆ" ಅಂದರೆ ಸಹಾಯ.

ಮೊದಲ ಸಲ ಯಾವ ಕೀಲನ್ನೂ ಜೋರಾಗಿ ತಿರುಗಿಸಬೇಡಿ. ಇದು ನಾನು ಗೊಂಬೆ ಕಳಕೊಂಡು ಕಲಿತ ಪಾಠ. ಬೇರೊಂದು ಗೊಂಬೆ, ಯಾರದ್ದು ಅಂತ ಬೇಡ. ಮಣಿಕಟ್ಟು ತಿರುಗಲಿಲ್ಲ. ಬಣ್ಣ ಒಳಗೆ ಅಂಟಿಕೊಂಡಿದೆ ಅಂತ ಗೊತ್ತಾಗದೆ ಒಂದೇ ಏಟಿಗೆ ತಿರುಚಿದೆ. 'ಟಪ್' ಅಂತ ಸದ್ದು. ಕೈ ನನ್ನ ಕೈಗೆ ಬಂತು, ಗೂಟ ತೋಳೊಳಗೇ ಉಳಿಯಿತು. ಫೆವಿಕ್ವಿಕ್ ಹಾಕಿದೆ, ಅದೂ ನಿಲ್ಲಲಿಲ್ಲ. ಇಂಥ ಗೂಟಗಳನ್ನು ಎಷ್ಟೋ ಸಲ ಪೋಮ್ ಅನ್ನುವ ಜಾರುವ ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆ. ಸವೆಯಬಾರದು ಅಂತ ಅದನ್ನು ಬಳಸುತ್ತಾರೆ, ಆದರೆ ಅದಕ್ಕೆ ಅಂಟು ಹಿಡಿಯುವುದಿಲ್ಲ.

ಕೀಲು ಬಿಗಿಯಾಗಿದ್ದರೆ ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಅರ್ಧ ನಿಮಿಷ ಬಿಡಿ. ಇಲ್ಲವೇ ಕೈ ಅದ್ದಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಪಿವಿಸಿ ಮೆತ್ತಗಾಗುತ್ತದೆ. ಆಮೇಲೆ ಸಣ್ಣಗೆ ಆ ಕಡೆ ಈ ಕಡೆ ಅಲ್ಲಾಡಿಸಿ. ಬಿಸಿ ಮಾಡಬೇಕಾಯಿತು ಅನ್ನುವುದನ್ನೂ ವಿಮರ್ಶೆಯಲ್ಲಿ ಹೇಳಿ.

ಈಗ ಕಾಮೆಹಾಮೆಹಾಕ್ಕೆ ಬರೋಣ. ಭುಜದ ಒಳಗೆ, ಎದೆಯ ಅಂಗಿಯ ಕೆಳಗೆ, ಇನ್ನೊಂದು ಕೀಲು ಅಡಗಿರುತ್ತದೆ. ಸಂಗ್ರಹಿಸುವವರು ಅದಕ್ಕೆ ಬಟರ್‌ಫ್ಲೈ ಕೀಲು ಅನ್ನುತ್ತಾರೆ. ತೋಳನ್ನು ಬರೀ ಮುಂದೆ ತಳ್ಳಿದರೆ ಅದು ಏಳುವುದಿಲ್ಲ. ತೋಳಿನ ಬುಡವನ್ನು ಹಿಡಿದು, ಒಂಚೂರು ಹೊರಗೆಳೆದು, ಆಮೇಲೆ ಎದೆಯ ಕಡೆ ಮಡಚಬೇಕು. ಆಗ ಇಡೀ ಭುಜವೇ ಬಾಗಿಲಿನ ಹಾಗೆ ಮುಂದಕ್ಕೆ ತಿರುಗುತ್ತದೆ. ನಂತರ ಎದೆಯನ್ನು ಸೊಂಟದಿಂದ ಬಲಕ್ಕೆ ತಿರುಗಿಸಿ. ಮೊಣಕೈ ಮಡಚಿ. ಕೊನೆಯಲ್ಲಿ ಬೊಗಸೆಯ ಕೈಗಳನ್ನು ಹಾಕಿ, ಮಣಿಕಟ್ಟು ಹೊಂದಿಸಿ. ಈ ಕ್ರಮ ತಪ್ಪಿದರೆ ಕೈಗಳು ಹೊಟ್ಟೆಯ ಮುಂದೆ ಪ್ರಸಾದ ಬೇಡುವ ಹಾಗೆ ನಿಲ್ಲುತ್ತವೆ.

ನಾನು ಮೊದಲ ವಿಮರ್ಶೆಯಲ್ಲಿ "ಭುಜ ಮುಂದಕ್ಕೆ ಬರುವುದಿಲ್ಲ" ಅಂತಲೇ ಬರೆದಿದ್ದೆ. ಭುಜ ಬರುತ್ತಿತ್ತು. ಎಳೆಯಬೇಕು ಅಂತ ನನಗೇ ಗೊತ್ತಿರಲಿಲ್ಲ. ಅಂದಿನಿಂದ ಒಂದು ಕೀಲು ಚಲಿಸುವುದಿಲ್ಲ ಅಂತ ಬರೆಯುವ ಮುಂಚೆ ಸೂಚನೆಯ ಹಾಳೆ ಎರಡು ಸಲ ನೋಡುತ್ತೇನೆ. ಜಪಾನಿ ಬರದಿದ್ದರೂ ಬಾಣದ ಗುರುತು ಎಲ್ಲರಿಗೂ ಅರ್ಥವಾಗುತ್ತದಲ್ವಾ.

ತೊಡೆಯ ಬುಡದಲ್ಲೂ ಇದೇ ಉಪಾಯ ಇರುವುದುಂಟು. ಕಾಲನ್ನು ಕೆಳಗೆ ಎಳೆದರೆ ಒಂದೆರಡು ಮಿ.ಮೀ. ಇಳಿಯುತ್ತದೆ, ಆಮೇಲೆ ಒದೆಯುವ ಎತ್ತರಕ್ಕೆ ಏಳುತ್ತದೆ. ಹಾಗೆ ಇಳಿಸಿದಾಗ ಸೊಂಟದಲ್ಲಿ ಬಿರುಕು ಕಾಣುತ್ತದಾ ನೋಡಿ. ಭಂಗಿ ಬಂದರೂ ಮೈ ಒಡೆದ ಹಾಗೆ ಕಂಡರೆ ಅದು ಅರ್ಧ ಗೆಲುವಷ್ಟೇ.

ಕೀಲು ಸಡಿಲ ಇದ್ದರೆ ಮೊದಲು ಬರೆದುಕೊಳ್ಳಿ, ಆಮೇಲೆ ರಿಪೇರಿ. ಉಂಡೆ ಕೀಲಿಗೆ ನೀರು ಬೆರೆಸಿದ ಫೆವಿಕಾಲನ್ನು ತೆಳ್ಳಗೆ ಸವರಿ, ಬಿಡಿಯಾಗಿಟ್ಟು ಒಂದು ದಿನ ಪೂರ್ತಿ ಒಣಗಿಸಿ ಸೇರಿಸಿದರೆ ಹಿಡಿತ ಬರುತ್ತದೆ. ಒದ್ದೆಯಲ್ಲೇ ಸೇರಿಸಿದರೆ ನಿಮ್ಮ ಗೊಂಬೆ ಪ್ರತಿಮೆಯಾಗುತ್ತದೆ.

ಹಂತ 6: ಮುಖ, ಕೈ ಬದಲಾಯಿಸುವುದು

ಗೊಕುವಿನಲ್ಲಿ ಮುಂಗೂದಲು ಕಳಚಿ, ಮುಖದ ತೆಳು ಭಾಗ ತೆಗೆದು, ಬೇರೆಯದನ್ನು ಕೂರಿಸಿ, ಮತ್ತೆ ಕೂದಲು ಹಾಕಬೇಕು. ಐದು ಸಲ ಮಾಡಿ. ಮೊದಲ ಸಲ ಎಲ್ಲವೂ ಕಷ್ಟ, ಐದನೇ ಸಲವೂ ಕಷ್ಟವಾದರೆ ಮಾತ್ರ ಅದು ಗೊಂಬೆಯ ತಪ್ಪು. ಕೂದಲಿನ ತುದಿ ಹಿಡಿದು ಎಳೆಯಬೇಡಿ, ಬುಡ ಹಿಡಿಯಿರಿ. ಕೂರಿಸಿದ ಮೇಲೆ ಕೂದಲಿಗೂ ಹಣೆಗೂ ನಡುವೆ ಸಂದು ಉಳಿಯಿತಾ ಅಂತ ಪಕ್ಕದಿಂದ ನೋಡಿ. ಕೈ ತೆಗೆಯುವಾಗ ತಿರುಚದೆ ನೇರ ಎಳೆಯಿರಿ. ಬರದಿದ್ದರೆ ಮತ್ತೆ ಬಿಸಿ ನೀರು.

ಹಂತ 7: ರಾತ್ರಿಯಿಡೀ ನಿಲ್ಲಿಸಿ

ಸ್ಟ್ಯಾಂಡ್ ಇಲ್ಲದೆ ಎರಡು ಕಾಲಲ್ಲಿ ನಿಲ್ಲಿಸಿ ಮಲಗಿ. ಬೆಳಿಗ್ಗೆ ನಿಂತಿದ್ದರೆ ಪಾದದ ಕೀಲು ಗಟ್ಟಿ. ಆಮೇಲೆ ಒಂದೇ ಕಾಲಿನ ಭಂಗಿ ಪ್ರಯತ್ನಿಸಿ, ಅದು ಹತ್ತು ನಿಮಿಷ ನಿಂತರೂ ದೊಡ್ಡದು. ಗೊಕುವಿನ ಕೂದಲಿನ ತೂಕ ಎಲ್ಲಾ ತಲೆಯ ಹಿಂದೆ ಇರುವುದರಿಂದ ಅವನು ಬೀಳುವುದಾದರೆ ಹಿಂದಕ್ಕೇ ಬೀಳುತ್ತಾನೆ. ಹಿಂದೆ ಒಂದು ಟವೆಲ್ ಹಾಸಿಡಿ.

ಹಾರುವ ಭಂಗಿಗೆ ಸ್ಟ್ಯಾಂಡ್ ಬೇಕೇ ಬೇಕು. ಫಿಗ್ಮಾ ಗೊಂಬೆಗಳ ಜೊತೆ ಸ್ಟ್ಯಾಂಡ್ ಬರುತ್ತದೆ. ಫಿಗ್ಯುವಾರ್ಟ್ಸ್‌ನ ಗೊಕುಗಳಿಗೆ ಸಾಮಾನ್ಯವಾಗಿ ಬೇರೆ ಕೊಳ್ಳಬೇಕು. ಈ ಖರ್ಚನ್ನು ವಿಮರ್ಶೆಯಲ್ಲಿ ಸೇರಿಸದಿದ್ದರೆ ಓದುವವರಿಗೆ ಮೋಸ ಮಾಡಿದಂತೆಯೇ.

ಹಂತ 8: ಫೋಟೊ

ಕ್ಯಾಮೆರಾ ಬೇಡ, ಫೋನ್ ಸಾಕು. ಬಿಳಿ ಚಾರ್ಟ್ ಪೇಪರ್ ಒಂದನ್ನು ಗೋಡೆಗೆ ಅಂಟಿಸಿ ಮೇಜಿನ ಮೇಲೆ ಇಳಿಬಿಡಿ. ಮಡಿಕೆ ಬೀಳಬಾರದು, ಇಳಿಜಾರಿನ ಹಾಗೆ ಬಾಗಿರಲಿ. ಕಿಟಕಿ ಪಕ್ಕದಲ್ಲಿರಲಿ. ಬಿಸಿಲು ನೇರ ಬೀಳುತ್ತಿದ್ದರೆ ಗಾಜಿಗೆ ಬಟರ್ ಪೇಪರ್ ಅಂಟಿಸಿ. ಕೋಣೆಯ ಲೈಟ್ ಆರಿಸಿ. ಕಿಟಕಿಯ ಬೆಳಕೂ ಎಲ್‌ಇಡಿ ಬೆಳಕೂ ಬೆರೆತರೆ ಮುಖದ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ.

ಫೋನನ್ನು ಗೊಂಬೆಯ ಮೂಗಿಗೆ ಹಿಡಿಯಬೇಡಿ. ಅಷ್ಟು ಹತ್ತಿರದಿಂದ ತೆಗೆದರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ. ಒಂದು ಮಾರು ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ, ಗೊಂಬೆಯ ಎದೆಯ ಮಟ್ಟದಲ್ಲಿ ಹಿಡಿದು ತೆಗೆಯಿರಿ. ಕಿತ್ತಳೆ ಬಣ್ಣದ ವಿಷಯದಲ್ಲಿ ಫೋನುಗಳನ್ನು ನಂಬಬೇಡಿ. ಎಷ್ಟೋ ಫೋನು ಅದನ್ನು ಕೆಂಪಿಗೆ ಎಳೆಯುತ್ತದೆ. ಫೋಟೊ ಪಕ್ಕ ಗೊಂಬೆ ಇಟ್ಟು ಹೋಲಿಸಿ, ಬೇರೆ ಕಂಡರೆ ಬಾಯಿಬಿಟ್ಟು ಹೇಳಿ.

ಬೇಕಾದ ಫೋಟೊ ಇವು: ನಾಲ್ಕೂ ಕಡೆಯಿಂದ ಸುಮ್ನೆ ನಿಂತದ್ದು, ಎಲ್ಲಾ ಮುಖ ಒಂದು ಸಾಲಿನಲ್ಲಿ, ನಿಮ್ಮ ಮೂರು ಭಂಗಿ, ಅಳತೆಪಟ್ಟಿ ಜೊತೆ ಒಂದು, ತಪ್ಪು ಇದ್ದ ಜಾಗ ಹತ್ತಿರದಿಂದ ಒಂದು. ಬರದ ಭಂಗಿಯನ್ನೂ ಹಾಕಿ, ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ. ಕೈಯಿಂದ ಬೆಂಕಿಯುಂಡೆ ಹಾರುವ ಎಡಿಟಿಂಗ್ ಎಲ್ಲಾ ಕೊನೆಗಿರಲಿ.

ಹಂತ 9: ಬೆಲೆ

ಜಪಾನಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ "ಇಷ್ಟಕ್ಕೆ ಸಿಗುತ್ತದೆ" ಅಂದರೆ ಅದು ಇಲ್ಲಿನವರಿಗೆ ಸುಳ್ಳು. ಸಾಗಣೆ ಇದೆ, ಸುಂಕ ಇದೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. ಡಬ್ಬಿಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಅಂತಿದ್ದರೂ ಕಸ್ಟಮ್ಸ್‌ನವರ ಕಣ್ಣಿಗೆ ಗೊಂಬೆ ಗೊಂಬೆಯೇ. ದರಗಳು ಬದಲಾಗುತ್ತಿರುತ್ತವೆ, ಅದಕ್ಕೇ ತಿಂಗಳು ಬರೆದಿಡಿ ಅಂದದ್ದು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರ ಲೆಕ್ಕ ಬೇರೆ. ಯಾವ ಊರಿನ ಬೆಲೆ ಅಂತ ಹೇಳಿಬಿಡಿ.

ಯಾರಾದರೂ ಪುಕ್ಕಟೆ ಕಳಿಸಿದ ಗೊಂಬೆಯಾದರೆ ಮೊದಲ ಸಾಲಿನಲ್ಲೇ ಬರೆಯಿರಿ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಿಂದಲೇ ಇದನ್ನು ಕೇಳುತ್ತಿದೆ. ಅದು ಕೇಳದಿದ್ದರೂ, ದುಡ್ಡು ಕೊಟ್ಟ ಗೊಂಬೆಯ ಕೀಲು ಸಡಿಲಾದಾಗ ಬರುವ ಸಿಟ್ಟು ಪುಕ್ಕಟೆ ಗೊಂಬೆಯ ಮೇಲೆ ಬರುವುದಿಲ್ಲ. ಅದು ಬರಹದಲ್ಲಿ ಗೊತ್ತಾಗುತ್ತದೆ.

ಹಂತ 10: ಬರೆಯುವುದು

ಮೊದಲ ಪ್ಯಾರಾದಲ್ಲೇ ಉತ್ತರ. ಯಾರು ತಗೊಳ್ಳಬಹುದು, ಯಾರು ಬಿಡಬಹುದು. ಕಪಾಟಿನಲ್ಲಿ ನಿಲ್ಲಿಸಿಡುವವರಿಗೂ ದಿನಾ ಭಂಗಿ ಬದಲಾಯಿಸುವವರಿಗೂ ಒಂದೇ ಉತ್ತರ ಇರಬೇಕಿಲ್ಲ. ಆಮೇಲೆ ಮೂರು ಭಂಗಿಯ ಫಲಿತಾಂಶ, ನಂತರ ಮುಖ ಮತ್ತು ಬಣ್ಣ, ಕೊನೆಗೆ ಬೆಲೆ.

ಹತ್ತಕ್ಕೆ ಎಂಟೂವರೆ, ಒಂಬತ್ತು ಅಂತ ಅಂಕ ಕೊಡುವುದನ್ನು ನಾನು ಬಿಟ್ಟೆ. ನನ್ನ ಹಳೆಯ ವಿಮರ್ಶೆಗಳನ್ನು ಒಟ್ಟಿಗೆ ಓದಿದಾಗ ಎಲ್ಲದಕ್ಕೂ ಎಂಟೇ ಇತ್ತು. 'ಸೂಪರ್', 'ಸಖತ್' ಪದಗಳನ್ನು ಬರೆದ ಕಡೆಯೆಲ್ಲ ಗೆರೆ ಎಳೆದು, ಆ ಜಾಗದಲ್ಲಿ ಬೆರಳಿಗೆ ಗೊತ್ತಾದದ್ದನ್ನು ಬರೆಯಿರಿ. "ಮಂಡಿ ಸೂಪರ್" ಅಂದರೆ ಏನೂ ಗೊತ್ತಾಗಲಿಲ್ಲ. "ಮಂಡಿ ಮಡಚಿದರೆ ಹಿಮ್ಮಡಿ ತೊಡೆಗೆ ತಾಗುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ." ಇಷ್ಟಾದರೆ ಓದುವವರೂ ಮುಟ್ಟಿದ ಹಾಗೆ.

ನಿಮ್ಮ ಕೈಯಲ್ಲಿರುವುದು ಒಂದೇ ಪ್ರತಿ ಅನ್ನುವುದು ನೆನಪಿರಲಿ. ಬಣ್ಣ ಚೆಲ್ಲಿದ್ದು, ಕಣ್ಣು ಜರುಗಿದ್ದು ನಿಮ್ಮ ಪ್ರತಿಯ ಹಣೆಬರಹ ಇರಬಹುದು. ಕೂದಲು ಕತ್ತನ್ನು ತಡೆಯುವುದು ಅಚ್ಚಿನದ್ದೇ ಗುಣ, ಅದು ಎಲ್ಲಾ ಪ್ರತಿಗಳಲ್ಲೂ ಇರುತ್ತದೆ. ಎರಡನ್ನೂ ಬೇರೆ ಬೇರೆ ಹೇಳಿ.

ಹಂತ 11: ಬೇಸಿಗೆ ಕಳೆಯಲಿ

ಗೊಂಬೆಯ ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ. ಪಿವಿಸಿ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಯಲ್ಲಿ ಮೇಲಕ್ಕೆ ಬರುತ್ತದೆ, ಮೈ ಅಂಟಂಟಾಗುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಗೊಂಬೆಗೆ ಇದು ಇನ್ನೂ ಜಾಸ್ತಿ. ಸೋಪಿನ ನೀರಲ್ಲಿ ಮೃದುವಾಗಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ನಮ್ಮಮ್ಮ ದಸರೆಯ ಪಟ್ಟದ ಗೊಂಬೆಗಳನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡುತ್ತಾರೆ, ಪ್ಲಾಸ್ಟಿಕ್ ಕವರ್ ಮುಟ್ಟಿಸುವುದಿಲ್ಲ. ಅವರ ಗೊಂಬೆ ಮರದ್ದು, ನನ್ನದು ಪಿವಿಸಿ. ಆದರೂ ಬೇಸಿಗೆಗೆ ನಾನು ಅವರ ದಾರಿಯನ್ನೇ ಹಿಡಿದಿದ್ದೇನೆ.

ಗಾಢ ಬಣ್ಣದ ಭಾಗ ತಿಳಿ ಬಣ್ಣಕ್ಕೆ ತಾಗಿಕೊಂಡೇ ಇದ್ದರೆ ಕಲೆ ಹತ್ತಬಹುದು. ನಿಂತ ಕಾಲು ನಿಧಾನಕ್ಕೆ ವಾಲಬಹುದು. ಇವೆಲ್ಲ ಮೊದಲ ದಿನದ ವಿಮರ್ಶೆಯಲ್ಲಿ ಬರುವುದಿಲ್ಲ. ಅದಕ್ಕೆ ಹಳೆಯ ವಿಮರ್ಶೆಯ ಕೆಳಗೆ ದಿನಾಂಕ ಹಾಕಿ ಸೇರಿಸುತ್ತಾ ಹೋಗಿ. ನನ್ನ ಇನ್ನೊಂದು ಗೊಂಬೆಯ ವಿಮರ್ಶೆಯ ಕೆಳಗೆ ಈಗ ಹೀಗಿದೆ:

"ಜನವರಿ 9: ಎರಡೂ ಮಂಡಿ ಗಟ್ಟಿ. ರಾತ್ರಿಯಿಡೀ ನಿಂತಿತು.

ಮಾರ್ಚ್ 30: ಎಡ ಪಾದ ಸ್ವಲ್ಪ ಸಡಿಲ. ದಿನಾ ಆಡಿಸಿದ್ದು ನಾನೇ.

ಏಪ್ರಿಲ್ 22: ಬಲಗಾಲು ಹೊರಕ್ಕೆ ವಾಲಿದೆ. ಬಿಸಿ ನೀರಲ್ಲಿ ನೆಟ್ಟಗೆ ಮಾಡಿ ತಣ್ಣೀರಿಗೆ ಅದ್ದಿದೆ. ಸರಿಹೋಯಿತು.

ಮೇ 6: ಮತ್ತೆ ವಾಲಿತು. ಸ್ಟ್ಯಾಂಡ್ ತರಿಸಿದೆ. ಮೇಲೆ ಬರೆದ ಬೆಲೆಗೆ ಅದನ್ನೂ ಸೇರಿಸಿಕೊಳ್ಳಿ."